ಒಡ್ಡು, ನಾಲೆ, ಕೊಕ್ಕರೆ: ರಂಗನತಿಟ್ಟನ್ನು ನೀರಿನ ಲೆಕ್ಕದಲ್ಲಿ ನೋಡುವುದು

ರಂಗನತಿಟ್ಟನ್ನು ಕುರಿತ ಬರಹಗಳು ಸಾಮಾನ್ಯವಾಗಿ 1940ರಿಂದ ಆರಂಭವಾಗುತ್ತವೆ. ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿದ ವರ್ಷ ಅದು. ಆದರೆ ತಿಟ್ಟುಗಳ ಚರಿತ್ರೆ ಇನ್ನೂ ಮುನ್ನೂರು ವರ್ಷ ಹಿಂದಿನದು. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1640ರ ದಶಕದಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಈ ನಡುಗಡ್ಡೆಗಳು ರೂಪುಗೊಂಡವು. ಪ್ರವಾಸಿಗರಿಗೆ ಅಪ್ಪಟ ನಿಸರ್ಗವೆನಿಸುವ ಈ ತಾಣ ನೀರಾವರಿಯ ಕೂಸು ಎಂಬುದು ಈ ಲೇಖನದ ವಾದ.

ಬಾಯ್ಕಳಕ ಕೊಕ್ಕರೆಯನ್ನೇ ತೆಗೆದುಕೊಳ್ಳೋಣ. ಬೆಳೆದ ಹಕ್ಕಿಯ ಕೊಕ್ಕಿನ ಎರಡು ದಳಗಳು ತುದಿಯಲ್ಲಿ ಕೂಡುತ್ತವೆ, ನಡುವೆ ಸಂದು ಉಳಿಯುತ್ತದೆ; ಮರಿಗಳಲ್ಲಿ ಈ ಸಂದು ಇರುವುದಿಲ್ಲ. ಬಸವನಹುಳುವಿನ ಚಿಪ್ಪನ್ನು ಅದು ಒಡೆಯುವುದಿಲ್ಲ. ಕೆಳದಳದ ಚೂಪು ತುದಿಯನ್ನು ಒಳಗೆ ತೂರಿಸಿ, ಮುಚ್ಚಳ ಹಿಡಿದಿರುವ ಸ್ನಾಯುವನ್ನು ಕತ್ತರಿಸಿ ಮಾಂಸವನ್ನು ಎಳೆದುಕೊಳ್ಳುತ್ತದೆ. ಆ ಹುಳು ಧಾರಾಳವಾಗಿ ಸಿಗುವುದು ಸುತ್ತಲ ಭತ್ತದ ಗದ್ದೆಗಳಲ್ಲಿ. ಗದ್ದೆಗೆ ನೀರು ಬರುವುದು ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆಗಳಿಂದ. ಕಾವೇರಿಯ ಒಡ್ಡುಗಳು ಗೂಡಿಗೆ ಜಾಗವನ್ನೂ ಮರಿಗೆ ಮೇವನ್ನೂ ಒಟ್ಟಿಗೇ ಒದಗಿಸಿವೆ. ಹಾಗಾಗಿ ಗದ್ದೆಗೆ ಹೊಡೆಯುವ ಔಷಧಿಯೂ ಪಕ್ಷಿಧಾಮದ ಅಧ್ಯಯನದೊಳಗೇ ಬರಬೇಕು.

ಇದೇ ನೀರು ಎಲ್ಲ ಹಕ್ಕಿಗೂ ಒಂದೇ ಬಗೆಯಲ್ಲಿ ಒದಗುವುದಿಲ್ಲ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು ಮರದ ಮೇಲೆ ಗೂಡು ಕಟ್ಟುತ್ತವೆ. ನದಿ ರೀವ ಮಾತ್ರ ಬೇಸಿಗೆಯಲ್ಲಿ ಹೊಳೆ ಇಳಿದಾಗ ಬರಿಯ ಬಂಡೆಯ ಕುಳಿಯಲ್ಲೋ ಮರಳಿನಲ್ಲೋ ಮೊಟ್ಟೆ ಇಡುತ್ತದೆ. ಕಡ್ಡಿ, ಹುಲ್ಲಿನ ಗೊಡವೆಯೇ ಇಲ್ಲ. ಮೇಲ್ಗಡೆ ಕನ್ನಂಬಾಡಿ ಕಟ್ಟೆಯಿದೆ. ಬೆಳೆಗೋ ಕುಡಿಯುವುದಕ್ಕೋ ಅಲ್ಲಿಂದ ಹೆಚ್ಚು ನೀರು ಬಿಟ್ಟರೆ ತಗ್ಗಿನ ಬಂಡೆಗಳು ಮುಳುಗುತ್ತವೆ. ಮಳೆಗಾಲದಲ್ಲಿ ಮಟ್ಟ 124.80 ಅಡಿ ಮುಟ್ಟಿ ಹೊರಹರಿವು ಏರಿದಾಗ ದೋಣಿವಿಹಾರ ನಿಲ್ಲುತ್ತದೆ, ತಿಟ್ಟುಗಳ ಅಂಚೂ ಕೊರೆಯುತ್ತದೆ. ಮಂಡ್ಯದ ರೈತ ಪತ್ರಿಕೆಯಲ್ಲಿ ಮೊದಲು ಹುಡುಕುವ ಜಲಾಶಯದ ಮಟ್ಟ ರೀವದ ಮರಿಗೂ ಅಷ್ಟೇ ಮುಖ್ಯ.

ವೀಕ್ಷಣೆಯ ಕ್ರಮಕ್ಕೂ ಒಂದು ಓರೆಯಿದೆ. ದೋಣಿಯಲ್ಲಿ ಕೂತವರ ಕಣ್ಣು ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಗೆ, ಬಿಟ್ಟರೆ ಹೆಜ್ಜಾರ್ಲೆಗೆ ಅಂಟಿಕೊಳ್ಳುತ್ತದೆ. (ಮೊಸಳೆ ಕಂಡರೆ ಕ್ಯಾಮೆರಾಗಳೆಲ್ಲ ಒಂದೇ ಕಡೆ ವಾಲುತ್ತವೆ, ದೋಣಿಯೂ ತುಸು ವಾಲುತ್ತದೆ.) ಕಲ್ಲಿನ ಬಣ್ಣದೊಳಗೆ ಕರಗಿದ ರೀವದ ಮೊಟ್ಟೆ, ಬೆಳಗಿನ ಜಾವ ಈಜುವ ನೀರುನಾಯಿ ಲೆಕ್ಕದಿಂದ ಸುಲಭವಾಗಿ ತಪ್ಪಿಹೋಗುತ್ತವೆ. ದೋಣಿದಾರಿಯ ಎಣಿಕೆಯನ್ನೇ ಹಕ್ಕಿಗಳ ಸಂಖ್ಯೆಯೆಂದು ಓದುವುದು ದುಡುಕು.

2022ರಲ್ಲಿ ರಂಗನತಿಟ್ಟು ರಾಮ್‌ಸಾರ್ ಪಟ್ಟಿಗೆ ಸೇರಿತು. ಆ ಮನ್ನಣೆಯಿಂದ ಕಟ್ಟೆಯ ಗೇಟು ಪಕ್ಷಿಧಾಮದ ಕೈಗೆ ಬರುವುದಿಲ್ಲ. ಆದ್ದರಿಂದ ಇಲ್ಲಿನ ಪ್ರತಿ ಗೂಡೆಣಿಕೆಯ ಪಕ್ಕದಲ್ಲೂ ಆ ದಿನದ ಹೊರಹರಿವಿನ ಕ್ಯೂಸೆಕ್ ಅಂಕಿ ದಾಖಲಾಗಬೇಕು. ರೀವದ ವಿಷಯದಲ್ಲಂತೂ ಗೂಡು ಯಾವ ಮಟ್ಟದ ಬಂಡೆಯ ಮೇಲಿತ್ತು ಎಂಬುದೂ ಸೇರಿದರೆ, ಎಷ್ಟು ನೀರು ಬಿಟ್ಟಾಗ ಎಷ್ಟು ಮೊಟ್ಟೆ ಹೋಗುತ್ತವೆ ಎಂದು ನೀರಾವರಿ ಎಂಜಿನಿಯರರ ಮುಂದೆ ಅಂಕಿಯಲ್ಲೇ ಇಡಬಹುದು.