ಮೂರು ನುಡಿಗಳ ಜಪಸರ: ಕೋಲಾರ ಸೀಮೆಯ ಕಥೋಲಿಕ ಪ್ರಾರ್ಥನೆ ಮತ್ತು ಹಬ್ಬಗಳು

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಿಂದ ಮುಳಬಾಗಿಲಿನವರೆಗಿನ ನೆಲ ಕನ್ನಡ, ತೆಲುಗುಗಳೆರಡನ್ನೂ ಆಡುವ ಗಡಿಸೀಮೆ. ಅದರ ದಕ್ಷಿಣಕ್ಕಿರುವ ಚಿನ್ನದ ಗಣಿಗಳ ಊರಿನಲ್ಲಿ ತಮಿಳಿನದೇ ಮೇಲುಗೈ. ಈ ಸೀಮೆಯ ಕಥೋಲಿಕ ಚರಿತ್ರೆಯನ್ನು ಚರ್ಚುಗಳು ಎದ್ದುನಿಂತ ವರ್ಷಗಳಿಂದ ಅಳೆದರೆ ಅರ್ಧ ಮಾತ್ರ ತಿಳಿಯುತ್ತದೆ. ಗುರುಗಳು, ಅಂದರೆ ಪಾದ್ರಿಗಳು, ಅಪರೂಪಕ್ಕೆ ಬಂದುಹೋಗುತ್ತಿದ್ದ ಕಾಲದಲ್ಲಿ ವಿಶ್ವಾಸವನ್ನು ಕಾಪಾಡಿದ್ದು ಕಟ್ಟಡಗಳಲ್ಲ, ಬಾಯಿಪಾಠವಾಗಿದ್ದ ಪ್ರಾರ್ಥನೆಗಳು ಮತ್ತು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಹಬ್ಬಗಳು.

ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿ ಕನ್ನಡದಲ್ಲಿ ಜ್ಞಾನೋಪದೇಶದ ಬರಹಗಳನ್ನು ಸಿದ್ಧಪಡಿಸಿದರೆ, ಪುದುಚೇರಿಯಿಂದ ಹೊರಟ ಫ್ರೆಂಚ್ ಯೇಸುಸಭೆಯವರ ಕರ್ನಾಟಿಕ್ ಮಿಷನ್ 18ನೇ ಶತಮಾನದ ಆರಂಭದಲ್ಲಿ, ಲೆ ಗಾಕ್ ಮೊದಲಾದವರ ಮೂಲಕ, ಮುಳಬಾಗಿಲಿನಾಚೆಯ ಪುಂಗನೂರು ಮತ್ತು ಇತ್ತಲಿನ ಚಿಕ್ಕಬಳ್ಳಾಪುರಗಳವರೆಗೆ ತೆಲುಗಿನಲ್ಲಿ ಬೋಧಿಸುತ್ತ ಬಂದಿತು. ಎರಡೂ ಮಿಷನ್‌ಗಳ ಗುರುಗಳು ಸನ್ಯಾಸಿಗಳಂತೆ ಕಾವಿ ಉಟ್ಟರು, ಮಾಂಸ ಬಿಟ್ಟರು, ದೇವರನ್ನು ‘ಸರ್ವೇಶ್ವರ’ ಎಂದು ಕರೆದರು. ಕನ್ನಡ ಕಥೋಲಿಕರ ಪ್ರಾರ್ಥನೆಯಲ್ಲಿ ಆ ಪದ ಇಂದಿಗೂ ಉಳಿದಿದೆ. ಇಂತಹ ಹೊಂದಾಣಿಕೆಯ ಬಗ್ಗೆ ರೋಮಿನಲ್ಲಿ ದಶಕಗಳ ಕಾಲ ನಡೆದ ವಾದಕ್ಕೆ 1744ರಲ್ಲಿ ಜಗದ್ಗುರು (ಪೋಪ್) 14ನೇ ಬೆನೆಡಿಕ್ಟರ ನಿರ್ಬಂಧಕಾರಿ ಶಾಸನ ತೆರೆ ಎಳೆಯಿತಾದರೂ, ನುಡಿಯಲ್ಲಿ ಬೇರುಬಿಟ್ಟಿದ್ದನ್ನು ಯಾವ ಶಾಸನವೂ ಕೀಳಲಿಲ್ಲ.

1773ರಲ್ಲಿ ಯೇಸುಸಭೆಯೇ ರದ್ದಾದಾಗ ಗುರುಗಳ ಕೊರತೆ ತೀವ್ರವಾಯಿತು. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದವನು ಉಪದೇಶಿ, ಎಂದರೆ ದೀಕ್ಷೆ ಪಡೆದ ಗುರುವಲ್ಲದಿದ್ದರೂ ಪ್ರಾರ್ಥನೆ ನಡೆಸಿ ಮಕ್ಕಳಿಗೆ ಪ್ರಶ್ನೋತ್ತರ ರೂಪದಲ್ಲಿ ಧರ್ಮ ಕಲಿಸುವ ಊರಿನವನು. ವಿಶ್ವಾಸ, ಭರವಸೆ, ಪ್ರೀತಿ ಎಂಬ ದೈವಿಕ ಸದ್ಗುಣಗಳು ಮೂರು, ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಎಂಬ ಮೂಲ ಸದ್ಗುಣಗಳು ನಾಲ್ಕು ಎಂಬ ಎಣಿಕೆ ಇಂತಹ ಪ್ರಶ್ನೋತ್ತರದ ಪಾಠಕ್ಕೆ ಸೇರಿದ್ದು. ಮೈಸೂರು ಸೀಮೆಯಲ್ಲಿ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಇಲ್ಲಿನ ಕ್ರೈಸ್ತರು ಬಹುಪಾಲು ಹೆಸರಿಗಷ್ಟೇ ಕ್ರೈಸ್ತರೆಂದು ಬಗೆದು ನಿರಾಶರಾಗಿದ್ದರು. ಅವರ ಕಣ್ಣಿಗೆ ಬಿದ್ದದ್ದು ಮತಾಂತರದ ಲೆಕ್ಕ. ದಶಕಗಳ ಅಭಾವದ ನಂತರವೂ ಈ ಜನರ ನಾಲಗೆಯ ಮೇಲೆ ಪ್ರಾರ್ಥನೆ ಉಳಿದಿತ್ತೆಂಬುದು ಆ ಲೆಕ್ಕದಲ್ಲಿ ಸೇರಲಿಲ್ಲ.

ಮೂರನೆಯ ನುಡಿ ಬಂದದ್ದು ಚಿನ್ನದ ಹಿಂದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ವಲಸೆ ಬಂದ ಕಾರ್ಮಿಕರಲ್ಲಿ ಕಥೋಲಿಕರೂ ಇದ್ದರು. ಚಾಂಪಿಯನ್ ರೀಫ್ಸ್‌ನ ಚರ್ಚ್ ವಿಜಯ ಮಾತೆಯ ಹೆಸರಿನದು. ಈ ಹೆಸರಿನ ಮೂಲ 1571ರ ಅಕ್ಟೋಬರ್ 7ರಂದು ಲೆಪಾಂತೊದಲ್ಲಿ ನಡೆದ ನೌಕಾಯುದ್ಧ. ಅಲ್ಲಿ ಕ್ರೈಸ್ತ ಪಡೆಗೆ ಸಿಕ್ಕ ಗೆಲುವು ಜಪಸರದ ಫಲವೆಂದು ನಂಬಿದ ಜಗದ್ಗುರು ಐದನೇ ಪಿಯುಸರು ಅದರ ಸ್ಮರಣೆಯನ್ನು ಆರಂಭಿಸಿದರು, 1573ರಲ್ಲಿ ಅದು ಜಪಸರ ಮಾತೆಯ ಹಬ್ಬವಾಯಿತು. ಜಪಸರವು ಮಣಿಗಳ ಮೇಲೆ ಎಣಿಸುವ ಪ್ರಾರ್ಥನೆ: ಹತ್ತು ಸಣ್ಣ ಮಣಿಗಳಿಗೆ ಹತ್ತು ‘ನಮೋ ಮರಿಯ’, ಬಿಡಿಯಾಗಿರುವ ಮುಂದಿನ ಮಣಿಗೆ ಬೆರಳು ತಾಕಿದಾಗ ಯೇಸು ಕಲಿಸಿದ ಪ್ರಾರ್ಥನೆ. ಓದು ಬಾರದವರಿಗೂ ಕತ್ತಲಲ್ಲಿ ಕೂತವರಿಗೂ ಒದಗುವ ಈ ಜಪ ದುಡಿಯುವವರ ಮನೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಹಬ್ಬಗಳು ನೆಲದ ಗುಣಕ್ಕೆ ಬಾಗಿದ ಬಗೆಯೂ ಗಮನಾರ್ಹ. ಸೆಪ್ಟೆಂಬರ್ 8ರ ಮರಿಯ ಮಾತೆಯ ಜನ್ಮದಿನ ಕರಾವಳಿಯ ಕೊಂಕಣಿ ಕಥೋಲಿಕರಿಗೆ ಹೊಸ ತೆನೆಯ ಮೊಂತಿ ಹಬ್ಬ. ಕೋಲಾರದಲ್ಲಾದರೋ ಆ ಹೊತ್ತಿಗೆ ರಾಗಿ ಇನ್ನೂ ಹೊಲದಲ್ಲಿರುತ್ತದೆ. ಆದ್ದರಿಂದ ಬಯಲುಸೀಮೆಯ ಆಚರಣೆ ಸುಗ್ಗಿಯನ್ನು ಬಿಟ್ಟು ವೇಳಾಂಕಣಿಯ, ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಮಾದರಿ ಹಿಡಿದು, ಧ್ವಜಾರೋಹಣದಿಂದ ಆರಂಭವಾಗಿ ತೇರಿನಲ್ಲಿ ಮುಗಿಯುತ್ತದೆ. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ 40 ದಿನಗಳ ತಪಸ್ಸುಕಾಲ ‘ವಿಭೂತಿ ಬುಧವಾರ’ ಎಂಬ ಶೈವ ಛಾಯೆಯ ಹೆಸರಿನಿಂದ ಶುರುವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರ ಶಿಲುಬೆಯಾಗಿ ಹೆಣೆದು ಪಟದ ಹಿಂದೆ ಸಿಕ್ಕಿಸಿಟ್ಟ ಗರಿ ಒಣಗಿ, ಚರ್ಚಿಗೆ ಮರಳಿ, ಸುಟ್ಟು ಬೂದಿಯಾಗಿ ಹಣೆಗೇರುತ್ತದೆ. ಉಪವಾಸವೆಂದರೆ ದಿನಕ್ಕೊಂದೇ ಪೂರ್ಣ ಊಟ ಎಂಬ ಧರ್ಮಸಭೆಯ ನಿಯಮವನ್ನು ‘ಒಪ್ಪೊತ್ತು’ ಬಲ್ಲ ಸೀಮೆಗೆ ವಿವರಿಸುವ ಅಗತ್ಯವೇ ಇರಲಿಲ್ಲ.

ಇಷ್ಟೆಲ್ಲ ನಡೆದರೂ ಬಲಿಪೂಜೆಯ, ಅಂದರೆ ಮಾಸ್‌ನ, ಭಾಷೆ ಲ್ಯಾಟಿನ್ ಆಗಿಯೇ ಇತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಕೋಲಾರ ಜಿಲ್ಲೆಯೂ ಸೇರಿರುವ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಯಾವ ಭಾಷೆ ಎಂಬ ಪ್ರಶ್ನೆ ಕನ್ನಡ, ತಮಿಳುಗಳ ನಡುವಿನ ಜಗ್ಗಾಟವಾಗಿ ಬೆಳೆಯಿತು. ಲ್ಯಾಟಿನ್ ಯಾರ ಮನೆಮಾತೂ ಆಗಿರದ ಕಾರಣ ಅದುವರೆಗೆ ಆ ಪ್ರಶ್ನೆ ಏಳಲು ಆಸ್ಪದವೇ ಇರಲಿಲ್ಲ.