ಪೋಡಿನ ಮಗು ಶಾಲೆ ಬಿಟ್ಟಿದ್ದೇಕೆ? ಉತ್ತರಕ್ಕಿಂತ ಮೊದಲು ಚೌಕಟ್ಟು

ನಿಮ್ಮಲ್ಲಿ ಎಂ.ಎಡ್. ಮಾಡ್ತಿರೋರು, ಪಿಎಚ್.ಡಿ.ಗೆ ಸೇರಿರೋರು ಇದ್ದರೆ ಈ ಪ್ರಶ್ನೆ ಖಂಡಿತ ಕಿವಿಗೆ ಬಿದ್ದಿರುತ್ತೆ: "ನಿಮ್ಮ ಸೈದ್ಧಾಂತಿಕ ಚೌಕಟ್ಟು ಯಾವುದು?" ಗೈಡ್ ಕೇಳ್ತಾರೆ, ವೈವಾದಲ್ಲಿ ಕೇಳ್ತಾರೆ. ಎಷ್ಟೋ ಜನ ಸಂದರ್ಶನ ಎಲ್ಲ ಮುಗಿಸಿ ಬಂದಮೇಲೆ ಯಾವುದೋ ದೊಡ್ಡ ಹೆಸರು ಹುಡುಕಿ ಎರಡನೇ ಅಧ್ಯಾಯಕ್ಕೆ ಅಂಟಿಸಿಬಿಡ್ತಾರೆ. ಆದರೆ ಯಾರನ್ನು ಮಾತಾಡಿಸಬೇಕು, ಯಾವ ಮಾತನ್ನು ಬರೆದುಕೊಳ್ಳಬೇಕು, ಕೊನೆಗೆ ತಪ್ಪು ಯಾರ ತಲೆಗೆ ಬರುತ್ತೆ ಅನ್ನೋದನ್ನೆಲ್ಲ ಈ ಚೌಕಟ್ಟೇ ತೀರ್ಮಾನ ಮಾಡುತ್ತೆ. ಇದನ್ನು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಇತಿಹಾಸದಲ್ಲೇ ನೋಡಬಹುದು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ವೈದ್ಯರನ್ನು ಈ ಕಡೆ ಕಳಿಸಿದ. ಬುಕಾನನ್ ಕೊಳ್ಳೇಗಾಲ, ಹನೂರಿನ ದಾರಿಯಲ್ಲೇ ಕಾವೇರಿ ತೀರದ ಕಡೆಗೆ ಇಳಿದುಹೋದ. ಬೆಳೆ ಏನು, ದನಕರು ಎಷ್ಟು, ಕಾಡಿನಲ್ಲಿ ಏನು ಸಿಗುತ್ತೆ, ಯಾವ ಸರಕು ವ್ಯಾಪಾರಕ್ಕೆ ಬರುತ್ತೆ ಅಂತ ವಿಚಾರಿಸಿದ. 1807ರಲ್ಲಿ ಆ ಪ್ರವಾಸ ಪುಸ್ತಕವಾಗಿ ಬಂತು. ಇವತ್ತಿಗೂ ಇತಿಹಾಸಕಾರರಿಗೆ ಅದು ಬೇಕೇ ಬೇಕು. ಆದರೆ ಆ ಪ್ರಶ್ನೆಗಳ ಪಟ್ಟಿ ಕಂಪನಿಯದ್ದು. ಈ ನೆಲದಿಂದ ಏನು ಹುಟ್ಟುತ್ತೆ ಅನ್ನೋದೇ ಅದರ ಮುಖ್ಯ ಲೆಕ್ಕ.

ಮುಂದಿನ ನೂರೈವತ್ತು ವರ್ಷ ಈ ಸೀಮೆ ಎರಡು ಸರ್ಕಾರಗಳ ಕೈಲಿತ್ತು. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದೊಳಗೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕಿದ ಜಹಗೀರಾಗಿತ್ತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿದ್ದು 1956ರಲ್ಲಿ. ಅಂದ್ರೆ ಈ ಭಾಗದ ಹಳೇ ಶಾಲೆಗಳ ಬಗ್ಗೆ ಕೆಲಸ ಮಾಡೋರು ಒಂದೇ ರಾಜ್ಯದ ಕಡತ ನೋಡಿ ಎದ್ದು ಬಂದರೆ ಅರ್ಧ ಕಥೆ ಕೈತಪ್ಪುತ್ತೆ.

ಆ ಮದರಾಸಿನಲ್ಲೇ ಎಡ್ಗರ್ ಥರ್ಸ್ಟನ್ ಇದ್ದದ್ದು. ಮ್ಯೂಸಿಯಂ ಮುಖ್ಯಸ್ಥ. ಕೆ. ರಂಗಾಚಾರಿ ಅವರ ಜೊತೆ ಸೇರಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು 1909ರಲ್ಲಿ ತಂದರು. ಅದರಲ್ಲಿ ಸೋಲಿಗರೂ ಇದ್ದಾರೆ. ಥರ್ಸ್ಟನ್ ಜನರ ತಲೆ, ಮೂಗುಗಳನ್ನು ಅಳೆದು ವಿಂಗಡಿಸುತ್ತಿದ್ದವರು. ಅಳತೆಪಟ್ಟಿ ಹಿಡಿದು ಹೋದವರಿಗೆ ಸಿಗೋದು ಅಳತೆ ತಾನೇ? ಬುಕಾನನ್‌ಗೆ ಈ ಸೀಮೆ ಹುಟ್ಟುವಳಿಯಾಗಿ ಕಂಡಿತ್ತು, ಥರ್ಸ್ಟನ್‌ಗೆ ಮಾದರಿಗಳಾಗಿ ಕಂಡಿತು. ಜನ ಮಾತ್ರ ಅದೇ ಕಾಡಿನ ಆಸುಪಾಸಿನವರೇ.

ಈಗ ಶಾಲೆಗೆ ಬರೋಣ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮ ಆಯ್ತು. ಒಳಕಾಡಿನ ಎಷ್ಟೋ ಪೋಡುಗಳನ್ನು ಅಂಚಿಗೆ ಸಾಗಿಸಿದರು. ಪೋಡು ಅಂದ್ರೆ ಸೋಲಿಗರ ಹಾಡಿ. ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವೂ ನಿಂತಿತು. 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ ಜೊತೆಗೆ ಸೋಲಿಗ ಮಕ್ಕಳಿಗೆ ಶಾಲೆಯೂ ಬಂತು.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇಂಥ ಒಂದು ಪೋಡಿನ ಹುಡುಗಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಳು. ನೀವು ನೋಟ್‌ಬುಕ್, ರೆಕಾರ್ಡರ್ ಹಿಡಿದು ಹೋಗಿದ್ದೀರಿ.

ತುಂಬಾ ಜನ ಗೊತ್ತಿಲ್ಲದೇ ಹಿಡಿದು ಹೋಗೋ ಚೌಕಟ್ಟು ಒಂದಿದೆ, ಕೊರತೆಯ ಚೌಕಟ್ಟು. ಅಪ್ಪ ಅಮ್ಮ ಓದಿಲ್ಲ, ಮನೇಲಿ ಆಸಕ್ತಿ ಇಲ್ಲ, ಅದಕ್ಕೇ ಬಿಟ್ಟಳು. ಪರಿಹಾರ? ಪೋಷಕರಿಗೆ ಜಾಗೃತಿ ಶಿಬಿರ. ಶಾಲೆಯನ್ನು ಯಾರೂ ಏನೂ ಕೇಳಲಿಲ್ಲ, ಗಮನಿಸಿ.

ಎರಡನೆಯದು ಫ್ರಾನ್ಸಿನ ಪಿಯೇರ್ ಬೋರ್ದಿಯು ಅವರದ್ದು. 1970ರಲ್ಲಿ ಪಾಸ್ಸೆರೋನ್ ಜೊತೆ ಬರೆದ ಪುಸ್ತಕದಲ್ಲಿ ಅವರ ವಾದ ಹೀಗೆ: ಕೆಲವು ಮನೆಗಳ ಮಾತು, ನಡವಳಿಕೆಯನ್ನಷ್ಟೇ ಶಾಲೆ ಬೆಲೆಯುಳ್ಳದ್ದು ಅಂತ ಎಣಿಸುತ್ತೆ, ಆಮೇಲೆ ಅದನ್ನೇ ಪ್ರತಿಭೆ ಅಂತ ಕರೆಯುತ್ತೆ. ಹಾಗೆ ನೋಡಿದರೆ ನೀವು ತರಗತಿಯಲ್ಲೇ ಕೂರಬೇಕು. ಸೋಲಿಗ ನುಡಿಯಲ್ಲಿ ಉತ್ತರ ಹೇಳಿದಾಗ ಏನಾಗುತ್ತೆ? ಯಾರು ನಗ್ತಾರೆ? ಮೇಷ್ಟ್ರು ಯಾರನ್ನು ಎಬ್ಬಿಸ್ತಾರೆ? ಆದರೆ ಅವರು ಬರೆದದ್ದು ಫ್ರಾನ್ಸಿನ ವರ್ಗಗಳ ಬಗ್ಗೆ. ಇಲ್ಲಿಗೆ ತರುವಾಗ ಜಾತಿ, ಬುಡಕಟ್ಟಿನ ಲೆಕ್ಕ ಸೇರಿಸೋದು ನಿಮ್ಮ ಕೆಲಸ.

ಮೂರನೆಯದು 'ಜ್ಞಾನದ ನಿಧಿ'. 1992ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಇದನ್ನು ಮುಂದಿಟ್ಟರು. ಅಲ್ಲಿ ಮೇಷ್ಟ್ರುಗಳೇ ಮೆಕ್ಸಿಕನ್ ಮೂಲದ ಮಕ್ಕಳ ಮನೆಗೆ ಹೋಗಿ, ಕುಟುಂಬಕ್ಕೆ ಏನೇನು ಗೊತ್ತಿದೆ ಅಂತ ಕಲಿತು ಬಂದರು. ನಮ್ಮ ಬೆಟ್ಟದಲ್ಲಿ? ಹೆಜ್ಜೇನು ಇಳಿಸೋ ವಿದ್ಯೆ, ಗೊರುಕನ ಹಾಡು, ಗಿಡಮೂಲಿಕೆ. ತರಗು ಬೆಂಕಿಯನ್ನೇ ತಗೊಳ್ಳಿ. ಒಣ ಎಲೆಯನ್ನು ಹದ ನೋಡಿ ಸುಡೋ ಪದ್ಧತಿ ಅದು. ಅದು ನಿಂತಮೇಲೆ ಲಂಟಾನ ಹಬ್ಬಿತು ಅಂತಾರೆ ಸೋಲಿಗರು. ಕೊರತೆಯ ಚೌಕಟ್ಟಿಗೆ ಇದು ಬರೀ ಕಾಡಿಗೆ ಬೆಂಕಿ ಇಡೋದು, ಇಲ್ಲಿ ಅದೇ ಪಾಠ. ಸೋಲಿಗರೇ ಆದ ಸಿ. ಮಾದೇಗೌಡ ತಮ್ಮ ಸಮುದಾಯದ ಈ ಬಗೆಯ ಜ್ಞಾನದ ಬಗ್ಗೆ 2009ರಲ್ಲಿ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬರೆದರು. ಅಳೆಸಿಕೊಂಡವರ ಕಡೆಯವರೇ ಪೆನ್ನು ಹಿಡಿದಾಗ ಪ್ರಶ್ನೆಯೇ ಬೇರೆ ಆಗುತ್ತೆ. ಆದರೆ ಇದಕ್ಕೂ ಒಂದು ಅಪಾಯ ಇದೆ: ಹಾಡು, ಜೇನು ಅಂತ ಬರೀತಾ ಬರೀತಾ ಬಡತನ ಮರೆತುಹೋಗಬಹುದು.

ಅದಕ್ಕೇ ನಾಲ್ಕನೆಯದು, ಹಕ್ಕಿನ ಚೌಕಟ್ಟು. ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ. 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯ್ತು, ಅದೇ ವರ್ಷ ಇಲ್ಲಿನ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಹಾಗೆ ನೋಡಿದರೆ ಹುಡುಗಿ ಶಾಲೆ ಬಿಟ್ಟ ಕಥೆ ಅವಳು ಹುಟ್ಟೋಕೆ ಮುಂಚೆಯೇ ಶುರುವಾಗಿರಬಹುದು, ಅಜ್ಜನನ್ನು ಪೋಡಿನಿಂದ ಎಬ್ಬಿಸಿದ ದಿನ.

ಹಾಗಾದ್ರೆ ಆಯ್ಕೆ ಹೇಗೆ? ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೀರಿ. ತರಗತಿಯೊಳಗೆ ಏನಾಗ್ತಿದೆ ಅನ್ನೋದಾದ್ರೆ ಬೋರ್ದಿಯು. ಮನೆಯ ಜ್ಞಾನ ಪಾಠಕ್ಕೆ ಹೇಗೆ ಬರಬಹುದು ಅನ್ನೋದಾದ್ರೆ ಮೋಲ್. ಎತ್ತಂಗಡಿ ಓದನ್ನು ಹೇಗೆ ಬದಲಿಸಿತು ಅನ್ನೋದಾದ್ರೆ ಹಕ್ಕು ಮತ್ತು ಇತಿಹಾಸ. ಆಮೇಲೆ, ಅದಕ್ಕೆ ಬೇಕಾದ ಮಾಹಿತಿ ನಿಮ್ಮ ಕೈಗೆ ಸಿಗುತ್ತಾ ನೋಡಿ. ತರಗತಿಯಲ್ಲಿ ಒಂದು ದಿನವೂ ಕೂರದೆ ಬೋರ್ದಿಯು ಹೆಸರು ಬರೆದರೆ ಏನು ಪ್ರಯೋಜನ? ಕೊನೆಗೆ ಕೇಳಿಕೊಳ್ಳಿ: ಈ ಚೌಕಟ್ಟಿನಲ್ಲಿ ಯಾರು ಕಾಣಲ್ಲ? ಜನ ಹೇಳೋದು ಇದಕ್ಕೆ ವಿರುದ್ಧವಾಗಿದ್ದರೆ ಬರೆದುಕೊಳ್ಳೋಕೆ ನನ್ನ ನೋಟ್‌ಬುಕ್ಕಲ್ಲಿ ಜಾಗ ಇದೆಯಾ?

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಪ್ರತಿ ಪ್ರಬಂಧದ ಕೊನೆಗೂ 'ಶಿಫಾರಸುಗಳು' ಅಂತ ಒಂದು ಭಾಗ ಇರುತ್ತೆ. ಅದೇ ಹುಡುಗಿಗೆ ಒಬ್ಬರು ಹಾಸ್ಟೆಲ್ ಅಂತಾರೆ, ಒಬ್ಬರು ಅವಳ ನುಡಿ ಬಲ್ಲ ಟೀಚರ್ ಅಂತಾರೆ, ಇನ್ನೊಬ್ಬರು ಅವಳ ಮನೆಯವರಿಗೆ ಕಾಡಿನ ಹಕ್ಕು ಅಂತಾರೆ. ನೀವು ಮೊದಲ ದಿನ ಆರಿಸಿದ ಚೌಕಟ್ಟೇ ಈ ಸಾಲನ್ನು ಬರೆಸುತ್ತೆ. ಕೆಲಸ ಶುರು ಮಾಡೋ ಮುಂಚೆ ಒಂದು ಸಂಜೆ ಕೂತು ಇದನ್ನು ಯೋಚಿಸಿ. ಮುಂದಿನ ಕಂತಿನಲ್ಲಿ ಸಿಗೋಣ.