ಜೀಪಿನ ಊರಿಗೆ ಡ್ರಿಫ್ಟ್ ಬಂದಾಗ

ಕಾರೊಂದು ಅಡ್ಡಡ್ಡ ಜಾರುವ ವಿಡಿಯೊ ಬಂತು ಅಂದ್ರೆ ಸಾಕು, ನಮ್ಮ ಸ್ಟುಡಿಯೊದಲ್ಲಿ ಹೆಡ್‌ಲೈನ್ ರೆಡಿ: 'ಪುಂಡರ ಹುಚ್ಚಾಟ'. ರಸ್ತೆಯ ಪುಂಡಾಟವನ್ನು ನಾನೂ ಒಪ್ಪೋದಿಲ್ಲ. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆ ಅಂಗಳದಲ್ಲಿ ಗಾಡಿ ಬಿಚ್ಚಿ ಕಟ್ಟೋದು ರೀಲ್ಸ್‌ನಿಂದ ಬಂದ ಚಟ ಅಲ್ಲ.

ಇದರ ಬೇರು ಜೀಪಿನಲ್ಲಿದೆ. 1941ರಲ್ಲಿ ಅಮೆರಿಕದ ಸೇನೆಗೆ ತಯಾರಾದ ವಿಲ್ಲೀಸ್ ಜೀಪನ್ನು ಆ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ಜೋಡಿಸತೊಡಗಿತು. ಬಸ್ಸು ಹೋಗದ ಮಣ್ಣಿನ ರಸ್ತೆ, ಅಡಿಕೆ ತೋಟದ ಏರು, ಆಟಿ ತಿಂಗಳ ಕೆಸರು, ಎಲ್ಲದಕ್ಕೂ ಸರ್ವೀಸ್ ಜೀಪೇ ಗತಿ. ಮಳೆಯಲ್ಲಿ ಕೆಟ್ಟು ನಿಂತರೆ ಕಂಪನಿಯವರು ಬರ್ತಾರಾ? ಜಾಕ್ ಕೊಟ್ಟು ಅಡಿಗೆ ನುಗ್ಗಲೇಬೇಕು. ಗೇರ್‌ಬಾಕ್ಸ್ ಇಳಿಸೋದು, ಪ್ಲೇಟು ಕತ್ತರಿಸಿ ವೆಲ್ಡ್ ಮಾಡೋದು ಊರವರ ಕೈಗೆ ಬಂದದ್ದು ಹೀಗೆ.

ಅತ್ತ ಜಪಾನಿನಲ್ಲಿ ನಡೆದದ್ದೂ ಘಟ್ಟದ ಕತೆಯೇ. 1970ರ ದಶಕದಲ್ಲಿ ರೇಸರ್ ಕುನಿಮಿತ್ಸು ತಕಾಹಾಶಿ ತಿರುವಿನಲ್ಲಿ ಕಾರನ್ನು ಬೇಕೆಂದೇ ಜಾರಿಸುತ್ತಿದ್ದರು. ಅದನ್ನು ನೋಡಿ ಕಲಿತ ಕೆಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಪಳಗಿದರು. 2001ಕ್ಕೆ ಡಿ1 ಗ್ರ್ಯಾನ್ ಪ್ರಿ ಸರಣಿ ಶುರುವಾಯ್ತು. ಬೆಟ್ಟದ ಆಟಕ್ಕೆ ಟ್ರ್ಯಾಕ್ ಸಿಕ್ಕಿತು, ನಿಯಮ ಬಂತು.

ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು. ಡ್ರಿಫ್ಟ್‌ಗೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಳೆಯೋದು ಮುಂದಿನ ಚಕ್ರ. ಹಾಗಾಗಿ ಹುಡುಗರು ಹುಡುಕೋದು ಹಳೇ ಓಮ್ನಿ, ಜಿಪ್ಸಿ, ಪದ್ಮಿನಿಗಳನ್ನು. ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋದು ಡಿಫರೆನ್ಷಿಯಲ್. ಅದರ ಗೇರುಗಳನ್ನು ವೆಲ್ಡ್ ಮಾಡಿದರೆ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ, ಟೈರು ಜಾರುತ್ತೆ. ಖರ್ಚು ಕಡಿಮೆ, ಆದರೆ ಅಪಾಯ ದೊಡ್ಡದು: ವೆಲ್ಡ್ ಬಿಟ್ಟು ಚೂರು ಸಿಕ್ಕಿಕೊಂಡರೆ ಚಕ್ರವೇ ಲಾಕ್.

ಕಾನೂನೂ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಶಾಲೆ ಮಕ್ಕಳೂ ನಡೆದು ಹೋಗ್ತಾರೆ, ನೆನಪಿರಲಿ.

ಹಾಗಂತ ಗಾಡಿ ಸೀಜ್ ಮಾಡಿ ಕೈತೊಳೆದರೆ ಮುಗೀತಾ? ಸುಳ್ಯದಲ್ಲಿ ಕೆ.ವಿ.ಜಿ., ಪುತ್ತೂರಿನಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜುಗಳಿವೆ. ಅನುಮತಿ ಪಡೆದ ಒಂದು ಮುಚ್ಚಿದ ಅಂಕಣ, ರೋಲ್ ಕೇಜ್, ಹೆಲ್ಮೆಟ್, ಪಕ್ಕದಲ್ಲಿ ಆಂಬುಲೆನ್ಸ್. ಇಷ್ಟು ಕೊಟ್ಟು ನೋಡಿ. ಜೀಪು ಕಲಿಸಿದ ಕೈಚಳಕ ರಸ್ತೆಯಲ್ಲಿ ರಕ್ತ ಚೆಲ್ಲೋದು ಬೇಡ, ಆ ಹುಡುಗರಿಗೆ ಅನ್ನ ಕೊಡಲಿ.